ಬಾಲಯೇಸುವಿಗೆ ಭೈರವಿಯ ಜೋಗುಳ

ನಾನು ಹಾಡುಗಾರ. ಈ ವಿಷಯದಲ್ಲಿ ಊರಿನಲ್ಲಿ ಭಿನ್ನಾಭಿಪ್ರಾಯಗಳಿವೆ ಎಂಬುದು ನನಗೆ ಗೊತ್ತು. ಆದರೆ ಹಾಡು ಬರೆಯುವವನೂ ನಾನೇ, ರಾಗ ಹಾಕುವವನೂ ನಾನೇ, ಹಾಡುವವನೂ ನಾನೇ ಆಗಿರುವುದರಿಂದ ಬಹುಮತ ಯಾವಾಗಲೂ ನನ್ನ ಕಡೆಗೇ ಇರುತ್ತದೆ. ನಲವತ್ತು ವರ್ಷ ಅಂಕೋಲೆ, ಕಾರವಾರದ ಸಭೆ ಸಮಾರಂಭಗಳಲ್ಲಿ ಹಾಡಿದ್ದೇನೆ. ಎರಡು ಕ್ಯಾಸೆಟ್ ಹೊರತಂದಿದ್ದೇನೆ. ಅವನ್ನು ಕೇಳಿಸುವ ಯಂತ್ರ ಈಗ ಯಾರ ಮನೆಯಲ್ಲೂ ಇಲ್ಲವಾದ್ದರಿಂದ ಅವುಗಳ ಗುಣಮಟ್ಟದ ಬಗ್ಗೆ ಇತ್ತೀಚೆಗೆ ಯಾವ ದೂರೂ ಬಂದಿಲ್ಲ.

ಇಷ್ಟೆಲ್ಲ ಸಾಧನೆಯ ನಡುವೆ ಒಂದೇ ಒಂದು ಕೊರತೆ. ನನ್ನ ಕಛೇರಿಯಲ್ಲಿ ಕೊನೆಯವರೆಗೆ ಯಾರೂ ಇರುವುದಿಲ್ಲ. ಹಿಂದೆ ಇರುತ್ತಿದ್ದರು. ಈಚೆಗೆ ಮೂರನೇ ಹಾಡಿಗೆಲ್ಲ ಒಬ್ಬೊಬ್ಬರೇ ಬಗ್ಗಿಕೊಂಡು ಹೊರಡಲು ಶುರುಮಾಡುತ್ತಾರೆ. ಹೋದ ಚೌತಿಯಲ್ಲಿ ನನ್ನ ಹುಟ್ಟೂರು ಅಂಕೋಲೆಯಲ್ಲಿ ಐದನೇ ಹಾಡು ಮುಗಿಸಿ ಕಣ್ಣು ತೆರೆದರೆ ಎದುರಿಗೆ ಉಳಿದಿದ್ದವನು ಮೈಕಿನ ಗಣಪ ಒಬ್ಬನೇ. ಅವನೂ ಉಳಿದದ್ದು ಮೈಕು ಅವನದು ಎಂಬ ಕಾರಣಕ್ಕೆ.

“ಇನ್ನೂ ಅದ್ಯಾ ಮಾಸ್ತರೆ?” ಎಂದು ಬಹಳ ಮೆತ್ತಗೆ ಕೇಳಿದ.

ಇತ್ತು. ಆದರೆ ಹಾಡಲಿಲ್ಲ. ಅಂದು ಕಾರವಾರದ ಮನೆಗೆ ಮರಳುವ ಬಸ್ಸಿನಲ್ಲಿ ಕೂತು ಒಂದು ಪ್ರತಿಜ್ಞೆ ಮಾಡಿದೆ. ಈ ಗಂಟಲು ನಿಲ್ಲುವುದರೊಳಗೆ ಒಂದೇ ಒಂದು ಕಛೇರಿಯನ್ನಾದರೂ ತುಂಬಿದ ಸಭೆ ಕೊನೆಯ ಸ್ವರದವರೆಗೆ ಕೇಳಬೇಕು. ಮನೆಗೆ ಬಂದು ಹೆಂಡತಿ ಸುಮತಿಗೆ ಇದನ್ನು ಗಂಭೀರವಾಗಿ ತಿಳಿಸಿದೆ.

“ಬಾಗ್ಲಿಗೆ ಹೊರಗಿಂದ ಚಿಲಕ ಹಾಕ್ಸಿ,” ಎಂದಳು.

ಹೀಗಿರುವಾಗ ಇನಾಸ ಬಂದ. ಇನಾಸ ನಮ್ಮ ಪಕ್ಕದ ಮನೆಯವ, ಅಂಚೆ ಕಚೇರಿಯಿಂದ ನಿವೃತ್ತನಾದವ, ಮೂವತ್ತು ವರ್ಷಗಳಿಂದ ನನ್ನ ಹಾಡಿಗೆ ಹಾರ್ಮೋನಿಯಂ ನುಡಿಸುತ್ತ ಬಂದಿರುವ ಸಹನಶೀಲ. ಕ್ರಿಸ್‌ಮಸ್ಸಿಗೆ ಇನ್ನೂ ಒಂದು ತಿಂಗಳಿರುವಾಗ ಕಂಪೌಂಡಿನ ಆಚೆಯಿಂದ ತಲೆ ಎತ್ತಿ ಹೇಳಿದ:

“ಮಾಸ್ತರೆ, ನಮ್ಮ ಹಬ್ಬಕ್ಕೆ ಕನ್ನಡದಲ್ಲಿ ಒಂದು ಆಲ್ಬಂ ಮಾಡೂವಾ. ಸಣ್ಣದು. ಮನೆಯಲ್ಲಿ ಕೂತು ನಾಲ್ಕು ಜನಕ್ಕೆ ಹಾಡಿದ ಹಾಗೆ ಇರಬೇಕು. ನೀವು ಬರೀರಿ, ನಾ ಪೇಟಿ ಬಾರಿಸ್ತೆ. ಇಗರ್ಜಿ ಅಂಗಳದಲ್ಲಿ ಬಿಡುಗಡೆ ಇಟ್ಕೊಳ್ಳೂವಾ. ಫಾದರಿಗೆ ನಾ ಹೇಳ್ತೆ.”

ನಾನು ತಕ್ಷಣ ಒಪ್ಪಿದೆ. ಕ್ರಿಸ್‌ಮಸ್ಸಿನ ಬಗ್ಗೆ ನನಗೆ ಅಲ್ಲಿಯವರೆಗೆ ತಿಳಿದಿದ್ದದ್ದು ಅಂದು ಇನಾಸನ ಮನೆಯಿಂದ ತಟ್ಟೆಯಲ್ಲಿ ಬರುವ ನೆವರಿ ಮತ್ತು ದೋದೋಲು ಎಂಬ ಸಿಹಿತಿಂಡಿಗಳು ಮಾತ್ರ. ಒಬ್ಬ ಅನುಭವಿ ಕವಿಗೆ ಇಷ್ಟು ಸಾಮಗ್ರಿ ಧಾರಾಳ ಸಾಕು ಅನ್ನಿಸಿತು.

ಇನಾಸ ಮೂರು ಸಂಜೆ ಕೂತು ಇಡೀ ಕಥೆ ಹೇಳಿದ. ನಾನು ವಾರದಲ್ಲಿ ಆರು ಹಾಡು ಬರೆದೆ. ಕಥೆಗೆ ನಮ್ಮ ಮಣ್ಣಿನ ವಾಸನೆ ಬರಲೆಂದು ಕೆಲವು ತಿದ್ದುಪಡಿ ಮಾಡಿಕೊಂಡೆ. ನಮ್ಮ ಕಡಲ ಕಡೆ ಕುರಿ ಕಾಯುವವರು ಇಲ್ಲ. ಆದ್ದರಿಂದ ಕುರುಬರ ಕೈಗೆ ರಂಪಣಿ ಬಲೆ ಕೊಟ್ಟು ದೇವಬಾಗದ ಮರಳಿನ ಮೇಲೆ ನಿಲ್ಲಿಸಿದೆ. ದೇವದೂತರು ಸುದ್ದಿ ತಂದಾಗ ಅವರು ಬಲೆ ಎಳೆಯುತ್ತಿದ್ದರು. ಮೂವರು ಜ್ಞಾನಿಗಳನ್ನು ದೋಣಿಯಲ್ಲಿ ಕೂರಿಸಿ ಕಾಳಿ ನದಿ ದಾಟಿಸಿದೆ.

ಫಾದರ್ ಮೆಲುಮಾತಿನವರು. ಆರೂ ಹಾಡುಗಳನ್ನು ಸಮಾಧಾನದಿಂದ ಓದಿದರು. ಬಲೆಯ ಬಗ್ಗೆ ಏನೂ ಹೇಳಲಿಲ್ಲ. ನಾಲ್ಕನೇ ಹಾಡಿನಲ್ಲಿ ಬೆರಳಿಟ್ಟು ನಿಂತರು.

“ಚಲೋ ಅದೆ ಮಾಸ್ತರೆ. ಒಂಟೆ ಎಲ್ಲಿ?”

“ಸದಾಶಿವಗಡದ ದಡದಲ್ಲಿ ಬಿಟ್ಟು ಬಂದಿದ್ದಾರೆ ಫಾದರ್. ಒಂಟೆ ದೋಣಿಗೆ ಹತ್ತೂದಿಲ್ಲ.”

“ಸೇತುವೆ ಅದೆಯಲ್ಲ?”

“ಯೇಸು ಹುಟ್ಟಿದಾಗ ಎಲ್ಲಿತ್ತು ಫಾದರ್?”

“ಅದೂ ಹೌದು,” ಎಂದು ಫಾದರ್ ಕಾಗದ ಮಡಚಿ ಕೊಟ್ಟರು. ಧಾರ್ಮಿಕ ಅನುಮೋದನೆ ಸಿಕ್ಕಿದ್ದು ಹೀಗೆ.

ಧ್ವನಿಮುದ್ರಣ ಇನಾಸನ ಮನೆಯ ಒಳಕೋಣೆಯಲ್ಲಿ ನಡೆಯಿತು. ಗಣಪ ಅಂಕೋಲೆಯಿಂದ ತನ್ನ ಮೈಕು, ಲ್ಯಾಪ್‌ಟಾಪು ತಂದ. ಕಿಟಕಿಗೆ ರಜಾಯಿ ಕಟ್ಟಿದೆವು. ಫ್ಯಾನು ಆರಿಸಿದೆವು. ಆಲ್ಬಂ ಆಪ್ತವಾಗಿರಬೇಕೆಂದು ಇನಾಸ ಹೇಳಿದ್ದನಲ್ಲ, ನಾನು ಸಾಧ್ಯವಾದಷ್ಟು ಆಪ್ತವಾಗಿ ಬಾಯಿ ತೆರೆದೆ. ಗಣಪ ಕಿವಿಗೆ ಹಾಕಿದ್ದನ್ನು ಕಿತ್ತುಹಾಕಿದ.

“ಮಾಸ್ತರೆ, ಒಂದು ಹೆಜ್ಜೆ ಹಿಂದೆ.”

ಸರಿದೆ. ಹಾಡಿದೆ.

“ಇನ್ನೊಂದು ಎರಡು.”

ನಲವತ್ತು ವರ್ಷ ಬಯಲಿನಲ್ಲಿ ಹಾಡಿದ ಗಂಟಲು. ಕೋಣೆಯ ಅಳತೆ ಅದಕ್ಕೆ ಗೊತ್ತಿರಲಿಲ್ಲ. ಮೊದಲ ಹಾಡಿಗೆ ಬಾಗಿಲಿನಲ್ಲಿ ನಿಂತಿದ್ದೆ. ಮೂರನೇ ಹಾಡಿಗೆ ಊಟದ ಮೇಜಿನ ಆಚೆ. ಕೊನೆಯ ಹಾಡನ್ನು ಅಡುಗೆಮನೆಯಲ್ಲಿ ರುಬ್ಬುವ ಕಲ್ಲಿನ ಪಕ್ಕ ನಿಂತು ಹಾಡಿದೆ. ಆಲ್ಬಂ ಅದ್ಭುತವಾಗಿ ಬಂದಿದೆ. ಕೇಳುವವರಿಗೆ ಗಾಯಕ ಪಕ್ಕದ ಕೋಣೆಯಲ್ಲೇ ಇದ್ದಾನೆ ಅನ್ನಿಸುತ್ತದೆ.

ಇದ್ದೆ.

ಇನ್ನು ಮುಖ್ಯ ವಿಷಯ. ಕಥೆ ಹುಟ್ಟಿನಿಂದ ಶುರುವಾಗುತ್ತದೆ, ಆದ್ದರಿಂದ ಮೊದಲ ಹಾಡು ಗೋದಲಿಯಲ್ಲಿ ಮಲಗಿದ ಮಗುವಿಗೆ ಮರಿಯಮ್ಮ ಹಾಡುವ ಜೋಗುಳ. ಅದಕ್ಕೆ ಭೈರವಿ ರಾಗ ಹಾಕಿದ್ದೆ. ಅಂಥ ಕರುಣೆ ಬೇರೆ ಯಾವ ರಾಗಕ್ಕೂ ಬರುವುದಿಲ್ಲ. ಬಿಡುಗಡೆಯ ಹಿಂದಿನ ದಿನ ಅಭ್ಯಾಸ ಮಾಡುವಾಗ ಇನಾಸ ಪೇಟಿಯ ಮೇಲಿಂದ ಕೈ ತೆಗೆದ.

“ಮಾಸ್ತರೆ, ಭೈರವಿ ಮೊದಲೇ ಹಾಡೂದಾ? ನಿಮ್ಮ ಅಂಕೋಲೆ ಜನ ಬರ್ತಾರೆ ಅಂದ್ರಿ.”

“ಬರಲಿ.”

“ಅಲ್ಲ, ಭಜನೆಯವರು…”

“ಇನಾಸಾ, ಮೂವತ್ತು ವರ್ಷದಿಂದ ನೋಡಿದ್ದೀಯ. ನಮ್ಮ ಜನಕ್ಕೆ ರಾಗದ ಗುರುತು ಎಲ್ಲಿ ಅದೆ?”

ಇನಾಸ ಮತ್ತೆ ಪೇಟಿಗೆ ಕೈ ಹಾಕಿದ. ಅವನು ಹಾಗೆ ಪೇಟಿಗೆ ಮರಳಿದಾಗ ನಾನು ಗೆದ್ದೆ ಎಂದು ತಿಳಿಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ.

ಅಂಕೋಲೆಯವರನ್ನು ಕರೆದದ್ದು ನನ್ನ ಯೋಜನೆಯ ಮರ್ಮಸ್ಥಾನ. ಸಭೆ ಕೊನೆಯವರೆಗೆ ಕೂರಬೇಕಾದರೆ ಕೂತು ಪಳಗಿದವರು ಬೇಕು. ನಮ್ಮೂರ ಭಜನೆಯವರಿಗಿಂತ ಪಳಗಿದವರು ಯಾರು? ಏಕಾದಶಿಗೆ ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಅಲ್ಲಾಡದೆ ಕೂರುವ ಜನ. ಅವರ ಹಿರಿಯ ಹಮ್ಮಣ್ಣನಿಗೆ ಫೋನು ಮಾಡಿದೆ. ಎರಡು ಟೆಂಪೋ ತುಂಬಿಸಿ ಕರೆತಂದ.

ಭಾನುವಾರ ಸಂಜೆ. ಇಗರ್ಜಿಯ ಅಂಗಳದಲ್ಲಿ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಎಡಕ್ಕೆ ಅಂಕೋಲೆಯವರು, ಬಲಕ್ಕೆ ಇಗರ್ಜಿಯವರು. ಖುರ್ಚಿಯೆಲ್ಲ ಭರ್ತಿ. ಈಗಿನ ಆಲ್ಬಂ ಮೊಬೈಲಿನಲ್ಲೇ ಇರುವುದರಿಂದ ಬಿಡುಗಡೆ ಮಾಡಲು ಕೈಗೆ ಸಿಗುವ ವಸ್ತುವೇ ಇಲ್ಲ. ಗಣಪನ ಮೊಬೈಲಿಗೇ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ್ದೆವು. ಫಾದರ್ ಬಿಚ್ಚುವಾಗ ಅದು ರಿಂಗಾಯಿತು. ಗಣಪನ ಹೆಂಡತಿ. ಬರುವಾಗ ಮೀನು ತರಬೇಕಂತೆ. ಫಾದರ್ “ಹೇಳ್ತೆ” ಎಂದು ಕಟ್ ಮಾಡಿ ಆಲ್ಬಂ ಲೋಕಾರ್ಪಣೆಯಾಯಿತೆಂದು ಘೋಷಿಸಿದರು, ಒಳಗೇನೋ ಕೆಲಸವಿತ್ತೆಂದು ಹೋದರು.

ನಾನು ಕಣ್ಣು ಮುಚ್ಚಿದೆ. ನಾನು ಯಾವಾಗಲೂ ಕಣ್ಣು ಮುಚ್ಚಿ ಹಾಡುತ್ತೇನೆ. ಮೂರನೇ ಹಾಡಿನಿಂದ ಮುಂದೆ ಏನಾಗುತ್ತದೆ ಎಂದು ನೋಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಪೇಟಿ ಸ್ವರ ಹಿಡಿಯಿತು. ಭೈರವಿಯ ಆಲಾಪ ಎತ್ತಿದೆ.

ಇನ್ನು ಮುಂದೆ ನಡೆದದ್ದು ನನಗೆ ಆಮೇಲೆ ಸಾಕ್ಷಿಗಳಿಂದ ತಿಳಿದದ್ದು.

ಭಜನೆಯಲ್ಲಿ ಭೈರವಿ ಯಾವಾಗಲೂ ಕೊನೆಗೆ. ಅದಾದ ಮೇಲೆ ಆರತಿ, ಪ್ರಸಾದ, ಮನೆ. ಭೈರವಿಯ ನಂತರ ಇನ್ನೊಂದು ರಾಗ ಹಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ರಾಗದ ಗುರುತಿಲ್ಲವೆಂದು ನಾನು ಸಾರಿದ್ದ ಆ ಜನ ಆಲಾಪದ ಎರಡನೇ ಉಸಿರಿಗೇ ರಾಗ ಹಿಡಿದರು. ಹಮ್ಮಣ್ಣ ಎದ್ದು ಕೈಮುಗಿದ. ಅವನ ಹಿಂದೆ ಎರಡೂ ಟೆಂಪೋ ಎದ್ದು ಕೈಮುಗಿಯಿತು. ಹೆಂಗಸರು ಚೀಲ ಹೆಗಲಿಗೆ ಹಾಕಿಕೊಂಡರು. ಗಂಡಸರು ಕಾಲಿನಿಂದ ಚಪ್ಪಲಿ ಹುಡುಕತೊಡಗಿದರು.

“ಮಾಸ್ತರ್ರು ಈ ಸಲ ಬೇಗ ಮುಗಿಸ್ದ್ರು. ಒಳ್ಳೇದಾಯ್ತು,” ಎಂದನಂತೆ ಹಮ್ಮಣ್ಣ.

ಬಲಗಡೆಯವರು ಇದನ್ನು ನೋಡಿದರು. ಇಗರ್ಜಿಯಲ್ಲಿ ಪೂಜೆಯ ನಡುವೆ ಏಳುವುದು, ಕೂರುವುದು ಎಲ್ಲಕ್ಕೂ ನೇಮವಿದೆ. ಮುಂದಿನವರು ಎದ್ದರೆ ಹಿಂದಿನವರು ಯಾಕೆಂದು ಕೇಳುವುದಿಲ್ಲ, ಏಳುತ್ತಾರೆ. ಅರ್ಧ ಸಭೆ ಕೈಮುಗಿದು ನಿಂತಿರುವಾಗ, ಅದೂ ಬಾಲಯೇಸುವಿನ ಜೋಗುಳಕ್ಕೆ, ತಾವು ಕೂತಿರುವುದು ಹೇಗೆ? ಬಲಗಡೆಯೂ ಎದ್ದಿತು. ಒಳಗಿನಿಂದ ಬಂದ ಫಾದರ್ ಇಡೀ ಅಂಗಳ ನಿಂತಿರುವುದನ್ನು ಕಂಡು ತಮಗೆ ಏನೋ ತಪ್ಪಿಹೋಯಿತೆಂದು ಭಾವಿಸಿ, ತಲೆ ಬಾಗಿಸಿ ನಿಂತರು.

ಈಗ ಹೊರಡಲಿದ್ದ ಅಂಕೋಲೆಯವರು ತಿರುಗಿ ನೋಡಿದರು. ಫಾದರೇ ನಿಂತಿದ್ದಾರೆ. ಇಲ್ಲಿಯ ಪದ್ಧತಿ ಹೀಗೇ ಇರಬೇಕು. ಪರರ ದೇವಸ್ಥಾನದಲ್ಲಿ ನಡುವೆ ಹೊರಟರೆ ಊರಿನ ಮರ್ಯಾದೆಯ ಪ್ರಶ್ನೆ. ಇವರು ಕೂರಲಿ, ಆಮೇಲೆ ಹೋಗೂವಾ ಎಂದು ಅವರು ನಿಂತರು. ಅವರು ಕೂರಲಿ ಎಂದು ಇವರು ನಿಂತರು. ಎಲ್ಲರೂ ಕೂರಲಿ ಎಂದು ಫಾದರ್ ನಿಂತರು.

ನಾನು ಮೂರನೇ ಹಾಡು ಮುಗಿಸಿ, ಎದೆ ಗಟ್ಟಿ ಮಾಡಿಕೊಂಡು ಒಂದು ಕಣ್ಣು ತೆರೆದೆ. ಒಬ್ಬರೂ ಹೋಗಿರಲಿಲ್ಲ! ಅಷ್ಟೇ ಅಲ್ಲ, ಇಡೀ ಸಭೆ ಎದ್ದು ನಿಂತಿತ್ತು. ಕೆಲವರು ಕೈಮುಗಿದಿದ್ದರು. ದೊಡ್ಡ ದೊಡ್ಡ ಗಾಯಕರಿಗೂ ಸಭೆ ಏಳುವುದು ಕಛೇರಿ ಮುಗಿದ ಮೇಲೆ. ನನಗೆ ನಡುವೆಯೇ ಎದ್ದಿದ್ದಾರೆ. ಪಕ್ಕದಲ್ಲಿ ಇನಾಸ ಕೂಡ ಫಾದರ್ ನಿಂತಿರುವಾಗ ಕೂರಲು ಆಗದೆ ಅರ್ಧ ಎದ್ದು, ಪೇಟಿಯ ಮೇಲೆ ಕೊಡೆಯ ಹಿಡಿಯ ಹಾಗೆ ಬಗ್ಗಿ ನುಡಿಸುತ್ತಿದ್ದ.

ನನ್ನ ಮೈಮೇಲೆ ಸರಸ್ವತಿ ಬಂದಳು. ಜ್ಞಾನಿಗಳು ಕಾಳಿ ದಾಟಲು ಸಾಮಾನ್ಯವಾಗಿ ಆರು ನಿಮಿಷ ತೆಗೆದುಕೊಳ್ಳುತ್ತಾರೆ. ಅಂದು ಹದಿನೈದು ನಿಮಿಷ ನದಿಯಲ್ಲೇ ಇದ್ದರು. ಮುಂದಿನ ಸಾಲಿನಲ್ಲಿ ಸುಮತಿ ಕಾಣಿಸಿದಳು. ಅವಳಿಗೆ ಮೊಣಕಾಲು ನೋವು, ಅವಳೂ ನಿಂತಿದ್ದಳು. ನನ್ನನ್ನೇ ನೋಡುತ್ತ ಗಾಳಿಯಲ್ಲಿ ಬೆರಳನ್ನು ಗರಗರ ಸುತ್ತಿಸಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿಗೆ ಹೆಂಡತಿ ‘ಇನ್ನೊಮ್ಮೆ’ ಎಂದು ಕೇಳಿದ್ದಾಳೆ. ಜ್ಞಾನಿಗಳನ್ನು ವಾಪಸು ಕರೆಸಿ ಮತ್ತೊಮ್ಮೆ ನದಿ ದಾಟಿಸಿದೆ. ಅವಳು ಇನ್ನೂ ಜೋರಾಗಿ ಸುತ್ತಿಸಿದಳು. ಮೂರನೇ ಸಲ ದಾಟಿಸಿದೆ.

ಆರನೇ ಹಾಡಿನ ಕೊನೆಯ ಸ್ವರ ಬಿಟ್ಟು, ಕೈಮುಗಿದು, ಕಣ್ಣುಮುಚ್ಚಿ ತಲೆಬಾಗಿದೆ. ಫಾದರ್ ಮೆಲ್ಲಗೆ ಏನೋ ಅಂದರು. ಆಮೇಲೆ ಆ ಸದ್ದು ಬಂತು. ಕಡಲು ದಡಕ್ಕೆ ಬಂದು ಬಿದ್ದ ಹಾಗೆ, ಧಡಧಡ, ನಡುವೆ ಒಂದು ದೊಡ್ಡ ಹೋ ಎಂಬ ಘೋಷ. ನನ್ನ ಕಣ್ಣು ತುಂಬಿ ಬಂತು.

ಹೋಗುವಾಗ ಹಮ್ಮಣ್ಣ ಕೈ ಹಿಡಿದುಕೊಂಡ. “ಭೈರವಿ ಭಾರೀ ಚಲೋ ಆಗಿತ್ತು ಮಾಸ್ತರೆ. ಅಲ್ಲಿಗೇ ಬಿಟ್ಟಿದ್ರೆ ಇನ್ನೂ ಚಲೋ.” ಇದರಲ್ಲಿ ಮೊದಲ ಅರ್ಧವನ್ನು ಮಾತ್ರ ನಾನು ಪ್ರಶಂಸೆಯೆಂದು ಸ್ವೀಕರಿಸಿದೆ.

ಮರುದಿನ ಸ್ಥಳೀಯ ಪತ್ರಿಕೆಯಲ್ಲಿ, ಸಭಿಕರು ಆದ್ಯಂತ ಎದ್ದು ನಿಂತು ಹಿರಿಯ ಗಾಯಕರಿಗೆ ಗೌರವ ಸಲ್ಲಿಸಿದರು ಎಂದು ಬಂತು. ಆ ತುಣುಕಿಗೆ ಲ್ಯಾಮಿನೇಷನ್ ಮಾಡಿಸಿದೆ. ಪೇಟೆಯಲ್ಲಿ ಎರಡು ದಿನ ಅಗತ್ಯಕ್ಕಿಂತ ನಿಧಾನವಾಗಿ ನಡೆದಾಡಿದೆ.

ಮೂರನೇ ದಿನ ಗಣಪ ಅಂದಿನ ಕಛೇರಿಯ ರೆಕಾರ್ಡಿಂಗ್ ತಂದ. ಇನಾಸನ ಮನೆಯಲ್ಲಿ ನೆವರಿ ತಿನ್ನುತ್ತ ಕೂತು ಕೇಳಿದೆವು. ಕೊನೆಯ ಆ ಸದ್ದು ಬಂದಾಗ ನಾನು ಕೈ ಎತ್ತಿದೆ.

“ಗಣಪಾ, ಈ ಚಪ್ಪಾಳೆಯನ್ನು ಆಲ್ಬಂನ ಕೊನೆಗೆ ಸೇರಿಸು.”

ಗಣಪ ಇನಾಸನ ಮುಖ ನೋಡಿದ. ಇನಾಸ ನೆವರಿಯ ಮುಖ ನೋಡಿದ.

“ಅದು ಚಪ್ಪಾಳೆ ಅಲ್ಲ ಮಾಸ್ತರೆ,” ಎಂದ ಗಣಪ. “ಜನ ಕೂತದ್ದು.”

ಆಮೇಲೆ ಇನಾಸ ಎಡ, ಬಲ, ಭೈರವಿ, ಕೊನೆಗೆ ಫಾದರ್ ‘ಕೂತ್ಕೊಳ್ಳಿ’ ಎಂದದ್ದು, ಎಲ್ಲವನ್ನೂ ಬಿಡಿಸಿ ಹೇಳಿದ. ಇನ್ನೊಮ್ಮೆ ಹಾಕಿಸಿ ಕೇಳಿದೆ. ಹೌದು. ಮೊದಲು ಮೊಣಕಾಲುಗಳು, ಆಮೇಲೆ ಪ್ಲಾಸ್ಟಿಕ್ ಖುರ್ಚಿಗಳು, ಆಮೇಲೆ ಇಡೀ ಅಂಗಳ ಒಟ್ಟಿಗೆ ಬಿಟ್ಟ ಉಸಿರು. ಅದರ ಮೇಲೆ, ಮುಂದಿನ ಸಾಲಿನಿಂದ ಬಹಳ ಸ್ಪಷ್ಟವಾಗಿ, “ಅಂತೂ ಮುಗೀತು ದೇವ್ರೇ” ಎಂಬ ಹೆಣ್ಣುಧ್ವನಿ. ಆ ಧ್ವನಿಯ ಜೊತೆ ನಾನು ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ.

ಆದರೂ ದಾಖಲೆ ದಾಖಲೆಯೇ. ತುಂಬಿದ ಸಭೆ, ಕೊನೆಯ ಸ್ವರ, ಒಬ್ಬನೂ ಎದ್ದು ಹೋಗಿಲ್ಲ. ಯಾಕೆ ಹೋಗಲಿಲ್ಲ ಎಂದು ಚರಿತ್ರೆ ಕೇಳುವುದಿಲ್ಲ.

“ಸೇರಿಸು ಗಣಪಾ,” ಎಂದೆ.

ಸೇರಿಸಿದ. ಆಲ್ಬಂ ಈಗ ಕಾರವಾರದಿಂದ ಅಂಕೋಲೆಯವರೆಗೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಅದರಲ್ಲಿ ಒಟ್ಟು ಏಳು ತುಣುಕು. ಸಿಕ್ಕಿದವರೆಲ್ಲ ಏಳನೆಯದನ್ನೇ ಹೊಗಳುತ್ತಾರೆ. ಅರ್ಧ ನಿಮಿಷದ್ದು. ಅದರಲ್ಲಿ ನಾನು ಹಾಡಿಲ್ಲ.