ಹೆಂಡತಿಯ ಬಿಳುಪಿನ ವಿಷಯವಾಗಿ ದವಾಖಾನೆಯ ಸೂಕ್ಷ್ಮದರ್ಶಕಕ್ಕೆ

ಧಾರವಾಡ, ೧೯೩೭

ದವಾಖಾನೆಯ ಕಿಟಕಿಯ ಪಕ್ಕದ ಮೇಜನ್ನು ಅಲಂಕರಿಸಿ, ಒಂದೇ ಕಣ್ಣಿನಿಂದ ಊರ ರಕ್ತವನ್ನೆಲ್ಲ ಪರೀಕ್ಷಿಸುವ ಮಾನ್ಯ ಸೂಕ್ಷ್ಮದರ್ಶಕ ಮಹಾಶಯರೇ,

ಎರಡು ಕಣ್ಣುಳ್ಳವನೂ, ಹದಿನಾಲ್ಕು ವರ್ಷಗಳಿಂದ ಮಕ್ಕಳಿಗೆ ಬಣ್ಣಗಳ ಭೇದ ಕಲಿಸುತ್ತಿರುವವನೂ ಆದ ಚಿತ್ರಕಲೆಯ ಮಾಸ್ತರ ರಮಾಕಾಂತನ ಸಾಷ್ಟಾಂಗ ವಂದನೆಗಳು. ತಾವು ನನ್ನ ಮಾನ ಕಳೆದಿರೆಂಬುದೇ ನನ್ನ ದೂರು.

ಇಂದು ಎಂಬ ಹೆಸರಿನ ನನ್ನ ಹೆಂಡತಿ, ಬಸುರಿಯಾದ ಐದನೆಯ ತಿಂಗಳಿಗೆ ದಿನದಿನಕ್ಕೆ ಬೆಳ್ಳಗಾಗತೊಡಗಿದಳು. ಬಸುರಿನ ಕಳೆಯೆಂದು ಹಿಗ್ಗಿದ ನಾನು, ಆ ಬಣ್ಣವನ್ನು ಹಿಡಿದಿಡಬೇಕೆಂದು ಅವಳನ್ನು ಪಡಸಾಲೆಯಲ್ಲಿ ಕೂರಿಸಿ ಚಿತ್ರ ಬರೆಯಲಾರಂಭಿಸಿದೆ. "ಎದಿ ಹಾರಲಿಕ್ಕತ್ತದರಿ, ಸ್ವಲ್ಪ ಮಲಗ್ತೇನಿ" ಎಂದಳು. "ಅಲುಗಾಡಬ್ಯಾಡ, ಗಲ್ಲದ ಬಣ್ಣ ಈಗ ಕೂಡಲಿಕ್ಕತ್ತದ" ಎಂದೆ. ನನ್ನ ತಾಯಿ ಕಾಶೀಬಾಯಿ, "ಬೆಳ್ಳಗಾಗಿಲ್ಲೋ, ಸುಣ್ಣದ ಗ್ವಾಡಿ ಆಗ್ಯಾಳ" ಎಂದಾಗ, ಕಲೆ ಓದದವರು ಬಣ್ಣದ ಮಾತಾಡಬಾರದೆಂದು ತಿಳಿಹೇಳಿದೆ. ನಾಲ್ಕನೆಯ ದಿನ ಹೆಂಡತಿ ಕೂತಲ್ಲೇ ಕುಸಿದಳು. ಟಾಂಗಾ ಹತ್ತುವಾಗಲೂ ನನ್ನ ಕೈಯಲ್ಲಿ ಕುಂಚವಿತ್ತು.

ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನೋಡಿದರು. ನಾಲಿಗೆ, ಉಗುರು ನೋಡಿದರು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ ತಮ್ಮ ಕೆಳಗಿಟ್ಟರು. ಕೆಂಪು ಕಣಗಳು ತೀರ ಕಡಿಮೆ, ಇದ್ದವೂ ಅಳತೆ ಮೀರಿ ಊದಿವೆಯೆಂದು ತಾವು ತೋರಿಸಿಕೊಟ್ಟಿರಿ. "ಮಾಸ್ತರ, ಇದು ಬಣ್ಣ ಅಲ್ಲ, ಮೈಯಾಗ ರಕ್ತ ಇಲ್ಲ. ಇನ್ನೊಂದು ವಾರ ತಡಾ ಆಗಿದ್ರ ತಾಯಿ, ಕೂಸು ಎರಡೂ ಉಳೀತಿದ್ದಿಲ್ಲ" ಎಂದ ಡಾಕ್ಟರು ನನ್ನ ಕಣ್ಣನ್ನೂ ತಮ್ಮ ಒಂಟಿ ಕಣ್ಣಿಗೆ ಹಚ್ಚಿಸಿದರು. ಅಷ್ಟು ಬಡವಾದ ಕೆಂಪನ್ನು ನಾನು ಕಂಡಿರಲಿಲ್ಲ.

ಡಾಕ್ಟರು ಬರೆದುಕೊಟ್ಟ ಔಷಧ, ಯೀಸ್ಟೆಂಬ ಹುದುಗಿನ ಸತ್ವ, ಮುಂಬಯಿಯಿಂದ ಬಂತು. ಡಾಂಬರಿನಂತೆ ಕಪ್ಪು, ವಾಸನೆ ಅದಕ್ಕಿಂತ ಘೋರ. ಪ್ರಾಯಶ್ಚಿತ್ತಕ್ಕೆಂದು ನಾನೂ ಒಂದು ಚಮಚ ನೆಕ್ಕಿ, ಮರುದಿನವೇ ವ್ರತಭಂಗ ಮಾಡಿದೆ. ಅವಳು ಮಾತ್ರ ದಿನವೂ ಬಿಡದೆ ನುಂಗಿದಳು. ಹತ್ತನೆಯ ದಿನದ ಹನಿಯಲ್ಲಿ ಹೊಸ ಕಣಗಳು ಗುಂಪುಗುಂಪಾಗಿ ಬಂದಿರುವುದನ್ನು ತಾವೇ ಕಂಡಿರಿ. ಹೋದ ತಿಂಗಳು ಹೆಣ್ಣು ಮಗುವಾಯಿತು. ಮೊನ್ನೆ ಹೆಂಡತಿ ನನ್ನನ್ನು ಒಂದೇ ಉಸಿರಿನಲ್ಲಿ ಬೈದಳು. ಅಷ್ಟುದ್ದದ ಬೈಗುಳಕ್ಕೆ ಉಸಿರು ಸಾಕಾದದ್ದನ್ನು ಕೇಳಿ ನಾನು ಒಳಗೆ ಹೋಗಿ ಅತ್ತೆ.

ಆದಕಾರಣ, ಇನ್ನು ಮುಂದೆ ಕನ್ಯೆ ನೋಡಲು ಹೊರಟ ವರರೆಲ್ಲ ಮೊದಲು ತಂತಮ್ಮ ಕಣ್ಣುಗಳನ್ನು ಬಿಚ್ಚಿ ತಮ್ಮ ಸನ್ನಿಧಿಯಲ್ಲಿಟ್ಟು ಪರೀಕ್ಷೆಗೊಳಪಡಬೇಕೆಂದು ತಾವು ಅಪ್ಪಣೆ ಹೊರಡಿಸಬೇಕಾಗಿ ಪ್ರಾರ್ಥನೆ.

ಬಣ್ಣದ ಮಾತನ್ನು ಈಗ ತಾಯಿಯನ್ನು ಕೇಳಿಯೇ ಆಡುವ,
ತಮ್ಮ ವಿಶ್ವಾಸಿ,
ರಮಾಕಾಂತ

ತಾ.ಕ.: ನಮ್ಮ ಶಾಲೆಯ ದ್ಯಾಮಣ್ಣ ಮಾಸ್ತರರು ತಮ್ಮ ಮಗಳು ಈಚೆಗೆ ಬೆಳ್ಳಗಾಗುತ್ತಿದ್ದಾಳೆಂದು ನಿನ್ನೆ ಪೇಢೆ ಹಂಚಿದರು. ನಾಳೆ ಇಬ್ಬರನ್ನೂ ಕರೆತರುತ್ತೇನೆ. ಮಗಳ ರಕ್ತವನ್ನು ತಾವು ನೋಡಿಕೊಳ್ಳಿರಿ. ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ.