ನಮ್ಮ ಮನೆಯ ಶಾಲೆಗೆ ಸೇಫ್ಟಿ ಆಫೀಸರು

ನಮ್ಮ ಯಜಮಾನರಿಗೆ ಮನೆಗೂ ತೈಲ ಘಟಕಕ್ಕೂ ವ್ಯತ್ಯಾಸವೇ ಗೊತ್ತಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ಕುವೈತಿನ ತೈಲ ಕಂಪನಿಯೊಂದರಲ್ಲಿ ಅವರು ಸೇಫ್ಟಿ ಆಫೀಸರು. ರಿಗ್ಗೈ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಗ್ಗರಣೆ ಹೊತ್ತಿದರೆ ಯಾವ ಬಾಗಿಲಿಂದ ಓಡಬೇಕೆಂದು ನನಗೂ ಮಗಳಿಗೂ ಬಾಯಿಪಾಠ ಮಾಡಿಸಿದ್ದಾರೆ. ಇರುವುದೇ ಒಂದು ಬಾಗಿಲು! ಇಂಥವರು ಮಾಸ್ತರರಾಗಲು ಹೊರಟರೆ ಏನಾಗಬೇಕು ಹೇಳಿ?

ಮಗಳಿಗೆ ಶಾಲೆಯ ಬಸ್ಸಿನಲ್ಲಿ ದಿನವೂ ವಾಂತಿ. ಹಾಗಾಗಿ ನಾಲ್ಕನೇ ಕ್ಲಾಸನ್ನು ಮನೆಯಲ್ಲೇ ಓದಿಸುವುದೆಂದು ಇಬ್ಬರೂ ಒಪ್ಪಿದ್ದೆವು. ಜಗಳವಿದ್ದದ್ದು ಹೇಗೆ ಎಂಬುದರಲ್ಲಿ. ನನಗೆ ನಮ್ಮ ಊರಿನ ಕಡೆಯ, ಸರ್ಕಾರದ ಮಾನ್ಯತೆಯಿರುವ ಆನ್‌ಲೈನ್ ಶಾಲೆಯೇ ಬೇಕು. ಟೀಚರು, ಹಾಜರಿ, ಪರೀಕ್ಷೆ ಎಲ್ಲ ಇರಬೇಕು. ಅವರಿಗೋ ಯಾವ ಶಾಲೆಯ ಹಂಗೂ ಬೇಡ. ರಜೆಯ ದಿನ ತಾವು, ಉಳಿದ ದಿನ ನಾನು ಕಲಿಸಿದರಾಯಿತು. ನನ್ನ ಕಾರಣ ಘನವಾದದ್ದೇನಲ್ಲ. ಹುಬ್ಬಳ್ಳಿಯ ಅತ್ತಿಗೆ ಫೋನಿನಲ್ಲಿ ಯಾವ ಶಾಲೆ ಎಂದು ಕೇಳಿದರೆ ಹೇಳಲು ಒಂದು ಹೆಸರು ಬೇಕಿತ್ತು, ಅಷ್ಟೇ.

ಅವರ ಮೊದಲ ಪಾಠ, ಕಾಗದ ಕತ್ತರಿಸಿ ಭಿನ್ನರಾಶಿ ಕಲಿಸುವುದು. ಅದಕ್ಕೂ ಮುಂಚೆ ಸುರಕ್ಷತೆಯ ಭಾಷಣ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ.

“ಅಪ್ಪಾ, ಇಟ್ಸ್ ಜಸ್ಟ್ ಪೇಪರ್,” ಎಂದಳು ಮಗಳು.

“ಎಲ್ಲಾ ಅಪಘಾತಾನೂ ಜಸ್ಟ್ ಅನ್ನೂದರಿಂದನ ಶುರು ಆಗತಾವ ನೋಡವ್ವಾ.”

ಕಾಗದ ಅರ್ಧವಾಗುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಇನ್ನು ಗೆಲುವು ನನ್ನದೇ ಎಂದುಕೊಂಡು ಆನ್‌ಲೈನ್ ಶಾಲೆಯ ಒಂದು ವಾರದ ಪ್ರಾಯೋಗಿಕ ತರಗತಿಗೆ ಹೆಸರು ಬರೆಸಿದೆ.

ಅಲ್ಲಿ ನನ್ನ ಪ್ರತಾಪ ಕೇಳಿ. ಮಗಳು ಕ್ಯಾಮೆರಾದ ಮುಂದೆ, ನಾನು ಮೇಜಿನ ಕೆಳಗೆ! ಟೀಚರು ಏನೇ ಕೇಳಲಿ, ಕೆಳಗಿನಿಂದ ಉತ್ತರ ಪಿಸುಗುಟ್ಟುವುದು ನನ್ನ ಉದ್ಯೋಗ. ಉತ್ತರವಾದರೂ ಸರಿಯಿರಬೇಡವೇ? ಏಳೆಂಟಲೆ ಐವತ್ತೆಂಟು ಎಂದುಬಿಟ್ಟೆ. ಮೇಜಿನ ಕೆಳಗಿರುವ ವಿದ್ಯಾರ್ಥಿನಿಯೂ ಮೇಲೆ ಬಂದು ಕೂತು ಮಗ್ಗಿ ಕಲಿಯಬಹುದೆಂದು ಟೀಚರು ಬಹಳ ಮರ್ಯಾದೆಯಿಂದ ಹೇಳಿದರು. ಗಡಿಬಿಡಿಯಲ್ಲಿ ಎದ್ದು ತಲೆ ಬಡಿಸಿಕೊಂಡೆ. ಯಜಮಾನರಿಗೆ ಹೇಳಲಿಲ್ಲ; ಹೇಳಿದ್ದರೆ ವಿಚಾರಣೆ ನಡೆಯುತ್ತಿತ್ತು.

ಆದರೂ ನನ್ನ ಹಟ ಬಿಡಲಿಲ್ಲ. ಅಷ್ಟರಲ್ಲಿ ಶುಕ್ರವಾರ ಬಂತು. ಊರಿನ ಶಾಲೆಗೆ ರಜೆ ಭಾನುವಾರ. ಇಲ್ಲಿ ಇವರಿಗೆ ವಾರಕ್ಕೆ ಸಿಗುವ ರಜೆ ಶುಕ್ರವಾರವೊಂದೇ. ಉಳಿದ ದಿನ ಮಗಳು ಏಳುವ ಮೊದಲೇ ಕಂಪನಿಯ ಬಸ್ಸು ಹತ್ತುತ್ತಾರೆ, ಮರಳುವಷ್ಟರಲ್ಲಿ ಅವಳು ಮಲಗಿರುತ್ತಾಳೆ.

ಅಂದು ಮಗಳು ಲ್ಯಾಪ್‌ಟಾಪಿನ ಮುಂದೆ ಪಾಠ ಕೇಳುತ್ತಿದ್ದಳು. ಯಜಮಾನರು ಇಸ್ತ್ರಿಯ ಅಂಗಿ ತೊಟ್ಟು, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಗೋಡೆಯ ಪಕ್ಕ ಕೂತಿದ್ದರು. ಚಹಾ ಕುಡಿಯಲು ಅಡುಗೆಮನೆಗೆ ಬನ್ನಿ ಎಂದು ಕರೆದೆ.

“ಇಲ್ಲೇ ಇರತೇನಿ,” ಎಂದರು ಮೆಲ್ಲಗೆ. “ನಿನ್ನ ಸಾಲಿ ಚಲೋ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ನಾ ಆಕೀನ್ನ ಕಣ್ತುಂಬ ನೋಡೂದು ಶುಕ್ರವಾರ ಒಂದ. ಅದನ್ನೂ ಸಾಲಿಗೆ ಕೊಟ್ಟಬಿಡ್ಲೇನು?”

ಇಷ್ಟು ದಿನ ವಾದ ಮಾಡಿದ ಮನುಷ್ಯ ಇದೊಂದು ಮಾತನ್ನು ಮಾತ್ರ ಆಡಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಟೀಚರಿಗೆ ಕೈಮುಗಿದು ಲ್ಯಾಪ್‌ಟಾಪು ಮುಚ್ಚಿದೆ. ಮಗಳು ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತು, ಇವತ್ತು ಏನು ಪಾಠ ಎಂದು ಕೇಳಿದಳು. ಅವರಿಗೆ ಒಂದೂ ನೆನಪಾಗಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತುಬಿಟ್ಟರು.