ಮೊದಲು ನೀರು, ಆಮೇಲೆ ಮಾತು

ನಮ್ಮ ದೊಡ್ಡಮ್ಮನ ಮನೆಗೆ ಕಳ್ಳ ನುಗ್ಗಿದರೂ ಮೊದಲು ನೀರು ಕುಡಿದು, ಬೆಲ್ಲ ತಿಂದು, ಆಮೇಲೆಯೇ ಕದಿಯಬೇಕಿತ್ತು! ಉತ್ಪ್ರೇಕ್ಷೆ ಅನ್ನುತ್ತೀರಾ? ಮುಂಬಯಿಯ ಅಂಧೇರಿಯಲ್ಲಿ, ಚಾಳೆಂಬ ವಠಾರದ ಒಂದೇ ಕೋಣೆಯಲ್ಲಿ, ಅವಳ ಕೈಯ ಅನ್ನ ಉಂಡು ಬೆಳೆದ ಗುಮಾಸ್ತ ನಾನು. ನನ್ನನ್ನು ನಂಬಬಹುದು.

ಉಡುಪಿ ಕಡೆಯ ಅವಳ ತವರಿನಲ್ಲಿ ಬಾಗಿಲಿಗೆ ಬಂದವರಿಗೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಕೊಡುವುದು ಪದ್ಧತಿ. ದೊಡ್ಡಮ್ಮ ಮುಂಬಯಿಗೆ ಬಂದ ಮೇಲೆ ಅದಕ್ಕೆ ತನ್ನದೂ ಒಂದು ಕಾನೂನು ಸೇರಿಸಿದ್ದಳು: ಬಂದವರು ಕುಡಿದು ಮುಗಿಸುವ ತನಕ ಅವರು ಯಾರು, ಯಾಕೆ ಬಂದರು ಎಂದು ಕೇಳಕೂಡದು.

ಸಾಬೂನು ಮಾರುವವನೊಬ್ಬ ಈ ಬೆಲ್ಲದ ರುಚಿ ಹತ್ತಿ ಬರತೊಡಗಿದ. ಕೆಲವು ದಿನಗಳಲ್ಲಿ ಅವನು ಚೀಲ ಬಿಚ್ಚುವುದನ್ನೇ ಬಿಟ್ಟ. ಇನ್ನೊಮ್ಮೆ ಶಾಲು ಹೊದ್ದ ನಾಲ್ಕು ಜನ ಬಂದರು. ದೊಡ್ಡಮ್ಮ ಕೇಳಲಿಲ್ಲ, ಅವರು ಹೇಳಲಿಲ್ಲ. ಬೆಲ್ಲ ತಿಂದು ಬಚ್ಚಲಿನ ಬಾಗಿಲನ್ನೇ ನೋಡುತ್ತ ಕೂತರು. ಅವರು ಹೆಣ್ಣು ನೋಡಲು ಬಂದವರು! ಮೇಲಿನ ಮಹಡಿಯಲ್ಲಿ, ದೇಶ ಒಡೆದಾಗ ಸಿಂಧ್ ಬಿಟ್ಟು ಬಂದ ದರ್ಜಿಯ ಮನೆ ಇತ್ತು. ಅಲ್ಲಿಗೆ ಹೋಗಬೇಕಾದವರು ನಮ್ಮ ಬಾಗಿಲಿಗೆ ಬಂದಿದ್ದರು. ಕೊನೆಗೆ ಅವರ ಎದುರು ಪ್ರತ್ಯಕ್ಷನಾದವನು ಬನಿಯನ್ ತೊಟ್ಟು ಬಕೆಟ್ ಹಿಡಿದ ನಾನು.

ಅರುವತ್ತರ ದಶಕ ಮುಗಿಯುತ್ತ ಬಂದಂತೆ ದಕ್ಷಿಣದವರು ಮುಂಬಯಿ ಬಿಟ್ಟು ತೊಲಗಬೇಕೆಂಬ ಕೂಗು ಎದ್ದಿತು. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ದೊಡ್ಡಪ್ಪ ಪಂಚೆ ಬಿಟ್ಟು ಪ್ಯಾಂಟು ಹಾಕತೊಡಗಿದರು. ಬೆಲ್ಟಿನ ಮೇಲೆ ನಂಬಿಕೆ ಸಾಲದೆ ಒಂದು ಹಗ್ಗವನ್ನೂ ಕಟ್ಟಿಕೊಳ್ಳುತ್ತಿದ್ದರು.

"ಊರಿಗೆ ಹೋಗುವ. ಗಂಜಿ ಕುಡಿದಾದರೂ ಬದುಕುವ," ಎಂದರು ಒಂದು ದಿನ.

"ಗಂಜಿ ಬೇಯಿಸ್ಲಿಕ್ಕೆ ಒಲೆ ಎಲ್ಲಿ ಉಂಟು? ಗೇಣಿಗೆ ಇದ್ದ ಗದ್ದೆ ಬಿಟ್ಟುಕೊಟ್ಟೇ ಬಂದದ್ದಲ್ವಾ ನಾವು?" ಎಂದಳು ದೊಡ್ಡಮ್ಮ. ಅದು ನಿಜ. ಈ ಕೋಣೆ ಹೋದರೆ ನಮಗೆ ಎಲ್ಲಿಯೂ ನೆಲೆ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಯಾರೋ ಬಾಗಿಲು ದಬದಬ ಬಡಿದರು. ದೊಡ್ಡಪ್ಪ ನೇರ ಬಚ್ಚಲು ಸೇರಿ ಚಿಲಕ ಹಾಕಿಕೊಂಡರು. ದೊಡ್ಡಮ್ಮ ಬಾಗಿಲು ತೆಗೆದಳು. ಆರು ಹುಡುಗರು. ಮುಂದಿದ್ದವನ ಕೈಯಲ್ಲಿ ದೊಣ್ಣೆ.

"ಬಾಯಿ, ಆಮ್ಹಿ ಸಾಂಗಾಯ್ಲಾ ಆಲೋ ಕೀ..." ಅಮ್ಮಾ, ನಾವು ಹೇಳಲು ಬಂದದ್ದೇನೆಂದರೆ, ಎಂದು ಅವನು ಮರಾಠಿಯಲ್ಲಿ ಶುರುಮಾಡಿದ.

"ಪೈಲೆ ಪಾನಿ. ಬಾದ್‌ಮೆ ಬೋಲೋ. ಬೈಠೋ, ಬೈಠೋ." ಮೊದಲು ನೀರು, ಆಮೇಲೆ ಮಾತು, ಕೂತುಕೊಳ್ಳಿ, ಎಂದು ದೊಡ್ಡಮ್ಮನ ಹರಕು ಹಿಂದಿ.

ಹೇಳಲು ಬಂದವರು ಹೇಳದೆಯೇ ಚಪ್ಪಲಿ ಬಿಟ್ಟು ಕೂತರು. ಊರಿಂದ ತಾಳೆಯೋಲೆಯಲ್ಲಿ ಸುತ್ತಿ ಬಂದ ಹಳೆಯ ಓಲೆಬೆಲ್ಲ ಅದು, ಕಲ್ಲಿನಷ್ಟು ಗಟ್ಟಿ. ಬಾಯಲ್ಲಿ ಅದನ್ನಿಟ್ಟುಕೊಂಡು ಯಾರನ್ನಾದರೂ ಬೆದರಿಸಲು ಸಾಧ್ಯವೇ? ಆರು ಕೆನ್ನೆಗಳು ಉಬ್ಬಿದವು. ಕೋಣೆಯಲ್ಲಿ ಚೀಪುವ ಸದ್ದೊಂದೇ.

ದೊಣ್ಣೆಯವನು ಕೊನೆಗೆ ನುಂಗಿಕೊಂಡು ಮರಾಠಿಯಲ್ಲಿ ಮೆಲ್ಲಗೆ ಹೇಳಿದ: ಕೊಂಕಣದಲ್ಲಿ ಅವನ ಅಜ್ಜಿಯೂ ಬಂದವರಿಗೆ ಹೀಗೇ ಗೂಳ್-ಪಾಣಿ, ಅಂದರೆ ಬೆಲ್ಲ-ನೀರು, ಕೊಡುತ್ತಿದ್ದಳಂತೆ. ಗಿರಣಿ ಕೆಲಸಕ್ಕೆಂದು ಈ ಊರಿಗೆ ಬಂದ ಮೇಲೆ ಅವನಿಗೆ ಯಾರೂ ಕೊಟ್ಟಿರಲಿಲ್ಲವಂತೆ. ಚೊಂಬು ಕೆಳಗಿಟ್ಟು, "ಚಲಾ ರೇ," ಎಂದು ಎದ್ದ. ಎಲ್ಲರೂ ಇಳಿದು ಹೋದರು. ಒಬ್ಬ ಮಾತ್ರ ವಾಪಸು ಓಡಿ ಬಂದ. ನನ್ನ ಜೀವ ಬಾಯಿಗೆ ಬಂತು. ಅವನು ಚಪ್ಪಲಿ ಮರೆತಿದ್ದ.

ದೊಡ್ಡಪ್ಪ ಬಚ್ಚಲಿನಿಂದ ಹೊರಬಂದರು. ನಮಗಿಬ್ಬರಿಗೂ ತಡೆಯಲಾರದ ನಗು. ಉಸಿರು ಬಂದ ಮೇಲೆ ನಾನೆಂದೆ, "ದೊಡ್ಡಮ್ಮಾ, ಅವರು ಯಾರೆಂದು ಕೇಳದೆ ಇದ್ದದ್ದೇ ಒಳ್ಳೆಯದಾಯಿತು ನೋಡು."

ಅವಳು ಗೋಡೆಗೊರಗಿ ಕೂತುಬಿಟ್ಟಿದ್ದಳು.

"ದೊಣ್ಣೆ ಕಾಣ್ಲಿಕ್ಕೆ ನನಗೆ ಕಣ್ಣಿಲ್ವಾ ಮಗಾ? ಈ ಊರಿಗೆ ಬಂದಾಗಿನಿಂದ ಬಾಗಿಲು ಬಡಿದ್ರೆ ನನಗೆ ಹೆದರಿಕೆಯೇ. ಯಾರು ಅಂತ ಕೇಳ್ಲಿಕ್ಕೆ ಧೈರ್ಯ ಸಾಲುದಿಲ್ಲ. ಅವರು ನೀರು ಕುಡಿಯುವಷ್ಟರಲ್ಲಿ ಸ್ವಲ್ಪ ಧೈರ್ಯ ಬರ್ತದೆ. ಅದಕ್ಕೇ ಕೇಳುದಿಲ್ಲ."

ನಮ್ಮ ನಗು ಅಲ್ಲಿಗೇ ನಿಂತಿತು. ದೊಡ್ಡಪ್ಪ ಹಗ್ಗ ಕಟ್ಟಿದ ಪ್ಯಾಂಟಿನಲ್ಲೇ ಕಷ್ಟಪಟ್ಟು ಅವಳ ಪಕ್ಕ ಕೂತರು. "ಇನ್ನು ಬಾಗಿಲು ನಾನು ತೆಗೀತೇನೆ," ಎಂದರು.

ಆ ಮೇಲೆ ಊರಿಗೆ ಹೋಗುವ ಮಾತು ಬರಲಿಲ್ಲ. ದೊಡ್ಡಪ್ಪ ಬದುಕಿರುವ ತನಕ, ಅವರು ಮನೆಯಲ್ಲಿದ್ದಾಗ ಬಾಗಿಲು ಬಡಿದರೆ ದೊಡ್ಡಮ್ಮ ಒಮ್ಮೆಯೂ ಏಳಬೇಕಾಗಲಿಲ್ಲ.